ಹೆಸರು ಕಳೆದುಕೊಂಡ ಯೋಧರು: ವೀರಗಲ್ಲಿನಿಂದ ಬಸ್ರಾದವರೆಗೆ

ಯುದ್ಧದಲ್ಲಿ ಮಡಿದ ಸಾಮಾನ್ಯ ಸೈನಿಕನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿ ಮೊದಲ ಮಹಾಯುದ್ಧದ ಯುರೋಪಿನಲ್ಲಿ ಹುಟ್ಟಿತೆಂದು ಹಲವರು ತಿಳಿದಿದ್ದಾರೆ. 1917ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗ ಮಡಿದವರೆಲ್ಲರಿಗೂ ಸಮಾನ ಗೌರವವೆಂಬ ತತ್ವವನ್ನು ಸಾರಿದ್ದೂ ನಿಜ. ಆದರೆ ಈ ಗೌರವ ಕನ್ನಡ ನಾಡಿಗೆ ಹೊಸದಲ್ಲ; ಅದನ್ನು ಸಾರಿದ ಸಾಮ್ರಾಜ್ಯವೂ ಎಲ್ಲೆಡೆ ಪಾಲಿಸಲಿಲ್ಲ. ಬೆಂಗಳೂರಿನ ಬೇಗೂರಿನಲ್ಲಿರುವ ಸುಮಾರು 890ರ ಶಾಸನ ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯನ್ನು ಹೆಸರಿಸುತ್ತದೆ. ಅವನು ಅರಸನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಸುಮಾರು 950ರದು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರನ್ನೂ ಉಳಿಸಿದೆ. ಎಷ್ಟೋ ವೀರಗಲ್ಲುಗಳಲ್ಲಿ ಅಕ್ಷರವೇ ಇಲ್ಲವಲ್ಲ ಎಂದು ಆಕ್ಷೇಪಿಸಬಹುದು. ಇಲ್ಲ, ನಿಜ. ಆದರೂ ಅಂಥ ಪ್ರತಿ ಕಲ್ಲೂ ಒಬ್ಬ ನಿರ್ದಿಷ್ಟ ವೀರನಿಗಾಗಿ ನಿಂತದ್ದು. ಕೆಳಗೆ ಕಾದಾಟ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಶಿವಸನ್ನಿಧಿ ಎಂಬ ಶಿಲ್ಪವಿನ್ಯಾಸ ಅವನ ಸಾವನ್ನು ಊರಿಗೆಲ್ಲ ತಿಳಿಸುತ್ತಿತ್ತು.

ಸಾಮ್ರಾಜ್ಯದ ಲೋಪ ಬೆಳಗಾವಿಯನ್ನು ನೇರವಾಗಿ ತಟ್ಟುತ್ತದೆ. ಈ ನಗರದ ಕ್ಯಾಂಪ್ ಪ್ರದೇಶದಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಆ ದಳಕ್ಕೆ ಪೂರ್ವಜರಾದ ಪಲ್ಟಣಗಳು ಮೆಸೊಪೊಟೇಮಿಯಾದಲ್ಲಿ ಹೋರಾಡಿದವು: 1915–16ರ ಕುತ್ ಮುತ್ತಿಗೆಯಲ್ಲಿ 110ನೇ ಪಲ್ಟಣವಿತ್ತು, 1918ರ ಅಕ್ಟೋಬರಿನ ಶರ್ಕಾತ್ ಕದನದಲ್ಲಿ 114ನೇ ಪಲ್ಟಣ ಹೆಸರು ಗಳಿಸಿತು. ಆ ರಣರಂಗದಲ್ಲಿ ಸತ್ತು ಸಮಾಧಿಯೂ ಸಿಗದವರಿಗಾಗಿ 1929ರಲ್ಲಿ ಬಸ್ರಾ ಸ್ಮಾರಕ ಅನಾವರಣಗೊಂಡಿತು. ಅದರಲ್ಲಿ ಬ್ರಿಟಿಷ್ ಸೈನಿಕರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಯಿತು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ಪಲ್ಟಣದ ಹೆಸರಿನ ಕೆಳಗೆ ಒಂದು ಸಂಖ್ಯೆ ಮಾತ್ರ ದಕ್ಕಿತು. ಸತ್ತವರು ಬಹಳ, ಗೋಡೆ ಸಾಲದು ಎಂಬ ಸಮರ್ಥನೆ ನಿಲ್ಲುವುದಿಲ್ಲ. ಬೆಲ್ಜಿಯಂನ ಮೆನಿನ್ ದ್ವಾರದಲ್ಲಿ 54 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಭಾರತೀಯರ ಹೆಸರು ಬರೆಯುವುದು ಕಷ್ಟವೆಂಬುದಕ್ಕೂ ಉತ್ತರವಿದೆ: 1927ರಲ್ಲಿ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ತೆರೆದ ಸ್ಮಾರಕ ಸಿಪಾಯಿಗಳೂ ಸೇರಿ 4,700ಕ್ಕೂ ಹೆಚ್ಚು ಭಾರತೀಯರನ್ನು ಹೆಸರಿಸುತ್ತದೆ. ಆದ್ದರಿಂದ ಕೊರತೆಯಾದದ್ದು ಕಲ್ಲಲ್ಲ, ಸಮಭಾವ. ಆಫ್ರಿಕಾ, ಏಷ್ಯಾಗಳಲ್ಲಿ ಸಮಾನತೆ ಪಾಲನೆಯಾಗಲಿಲ್ಲವೆಂದು 2021ರಲ್ಲಿ ಆಯೋಗದ ವರದಿಯೇ ಒಪ್ಪಿಕೊಂಡಿತು.

ಅಧಿಕಾರ ಮರೆತದ್ದನ್ನು ಜನ ಉಳಿಸಿಕೊಂಡ ಉದಾಹರಣೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲೇ ಇದೆ. 1824ರ ಕಿತ್ತೂರು ಯುದ್ಧದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಧಾರವಾಡದಲ್ಲಿ ಕಲ್ಲಿನ ಸ್ಮಾರಕ ಎದ್ದಿತು. ಅದೇ ಹೋರಾಟವನ್ನು ಮುಂದುವರಿಸಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನಿಗೆ ಅಂದಿನ ಸರ್ಕಾರ ಏನೂ ಕಟ್ಟಲಿಲ್ಲ. ಅವನ ಸಮಾಧಿಯನ್ನೂ ಅಲ್ಲಿನ ಆಲದ ಮರವನ್ನೂ ಜನ ಹರಕೆ ಹೊತ್ತು ಕಾಯ್ದರು, ಲಾವಣಿಕಾರರು ಅವನ ಹೆಸರನ್ನು ಊರೂರಿಗೆ ಒಯ್ದರು. ರಾಯಣ್ಣ ನಾಯಕ, ಸಾಮಾನ್ಯ ಸಿಪಾಯಿಗೆ ಇಂಥ ಭಾಗ್ಯವಿಲ್ಲ ಎನ್ನುವುದು ಸರಿಯೇ. ಅದಕ್ಕಾಗಿಯೇ ಬಸ್ರಾದಲ್ಲಿ ಬಿಟ್ಟುಹೋದ ಹೆಸರುಗಳು ಮುಖ್ಯವಾಗುತ್ತವೆ. ಪಲ್ಟಣದ ದಾಖಲೆಗಳಿಂದ ಅವನ್ನು ಊರುವಾರು ಹುಡುಕಿ, ಅವರು ಹೊರಟ ಹಳ್ಳಿಗಳಲ್ಲಿ ಬರೆಸುವುದು ಇತಿಹಾಸಕಾರರ ಬಾಕಿ ಕೆಲಸ. ಸಾವಿರ ವರ್ಷಗಳ ಹಿಂದೆಯೇ ವೀರಗಲ್ಲು ನೆಟ್ಟ ನಾಡಿಗೆ ಈ ಹೊಣೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.