ಸೂಜಿಯ ನಂತರದ ರಕ್ತ: ದಂಡಿನ ಹಳೆಯ ಅಂಜಿಕೆ

ಬೆಂಗಳೂರಿನ ಇಂದಿರಾನಗರ ಬಡಾವಣೆಯಾಗಿ ರೂಪುಗೊಳ್ಳುವುದಕ್ಕೆ ಬಹಳ ಮುಂಚೆಯೇ ಹಳೆ ಮದ್ರಾಸ್ ರಸ್ತೆಯ ಮಗ್ಗುಲಲ್ಲಿ ಐಸೋಲೇಷನ್ ಆಸ್ಪತ್ರೆ ಇತ್ತು. ಅಂಟುರೋಗ ಬಂದವರನ್ನು ಊರಿನಿಂದ ದೂರ ಇಡಲೆಂದು ಮಾಡಿಕೊಂಡ ಜಾಗವದು. ಊರೇ ಬೆಳೆದು ಬಂದು ಅದನ್ನು ಸುತ್ತುವರಿಯಿತು. ಅದೇ ನೆರೆಯ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆಯಲ್ಲಿ 2021ರಲ್ಲಿ ಜನ ಸಾಲುಗಟ್ಟಿ ನಿಂತು ಕೋವಿಡ್ ಲಸಿಕೆ ಹಾಕಿಸಿಕೊಂಡರು. ಆ ವರ್ಷ ನಾಡಿನ ಮನೆಮನೆಯಲ್ಲೂ ಒಂದು ಆತಂಕ ಪಿಸುಮಾತಾಗಿ ಸುಳಿಯುತ್ತಿತ್ತು. ಚುಚ್ಚಿದ ಕಡೆ ರಕ್ತ ಜಿನುಗಿದರೆ, ತೋಳು ನೀಲಿಗಟ್ಟಿದರೆ, ಮುಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ, ನಿಂತೇಹೋಗಿದ್ದ ಸ್ರಾವ ಮತ್ತೆ ಕಂಡರೆ, ಇದೆಲ್ಲ ಲಸಿಕೆಯಿಂದಲೇ? ಇಂಥ ಅಂಜಿಕೆಯನ್ನು ತಿಳಿಯದವರ ಮೂಢಭಯವೆಂದು ತಳ್ಳಿಹಾಕುವುದು ರೂಢಿ. ಆದರೆ ಎರಡು ಶತಮಾನದ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. ರಕ್ತದ ಬಗೆಗಿನ ಭಯ ಕೆಲವೊಮ್ಮೆ ಸರಿಯಾಗಿಯೇ ಇತ್ತು. ಅದನ್ನು ಕೇಳಿ, ಬರೆದುಕೊಂಡು, ಪರೀಕ್ಷಿಸಿದಾಗಲೆಲ್ಲ ಲಸಿಕೆ ಇನ್ನಷ್ಟು ಸುರಕ್ಷಿತವಾಯಿತು.

ಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ನಾಟಿದ್ದು 1802ರ ಜೂನ್‌ನಲ್ಲಿ, ಮುಂಬಯಿಯ ಮೂರು ವರ್ಷದ ಹುಡುಗಿಯೊಬ್ಬಳ ತೋಳಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ಮೈಸೂರು ಸೀಮೆಯನ್ನು ಮುಟ್ಟಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವು ಲಸಿಕೆಯ ಪ್ರಚಾರಕ್ಕೆಂದೇ ಆದದ್ದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಅರಮನೆ ಒಪ್ಪಿದರೂ ಜನ ಹಿಂಜರಿದರು, ಅದಕ್ಕೆ ಕಾರಣವೂ ಇತ್ತು. ಆಗ ಸೀಸೆಯಲ್ಲಿ ಮದ್ದು ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಚೂರಿಯ ಮೊನೆಯಲ್ಲಿ ತೆಗೆದು ಇನ್ನೊಂದು ಮಗುವಿನ ತೋಳನ್ನು ಗೀರಿ ಹಚ್ಚುತ್ತಿದ್ದರು. ಪರರ ಮಗುವಿನ ಮೈಯ ರಸ ನಮ್ಮ ಮಗುವಿನ ರಕ್ತಕ್ಕೆ ಸೇರುತ್ತದಲ್ಲ ಎಂಬ ತಾಯಂದಿರ ಅಳುಕಿನಲ್ಲಿ ಜಾತಿಯ ಮೈಲಿಗೆಯೂ ಬೆರೆತಿತ್ತು, ಅಲ್ಲವೆನ್ನಲಾಗದು. ಆದರೆ ಅದರೊಳಗೆ ಒಂದು ದಿಟವೂ ಇತ್ತು. 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ಹೀಗೆ ತೋಳಿನಿಂದ ತೋಳಿಗೆ ಹಾಕಿದ ಲಸಿಕೆಯಿಂದ ಹಲವು ಮಕ್ಕಳಿಗೆ ಸಿಫಿಲಿಸ್ ತಗುಲಿತು. ಆ ಶತಮಾನ ಮುಗಿಯುವ ಹೊತ್ತಿಗೆ ಕರುವಿನ ಚರ್ಮದ ಮೇಲೆ ಬೆಳೆಸಿದ ರಸ ಹಳೆಯ ಪದ್ಧತಿಯನ್ನು ಬಹುಮಟ್ಟಿಗೆ ಬದಿಗೊತ್ತಿತು. ಅಂಜಿದವರ ಮಾತಿನಲ್ಲಿ ಹುರುಳಿತ್ತೆಂದು ವೈದ್ಯರು ಒಪ್ಪಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಒಂದು ಹನಿ ರಕ್ತಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಅರ್ಥ ಬಂದದ್ದೂ ಗಮನಿಸಬೇಕಾದ ಸಂಗತಿ. ಗೀರಿದ ಕಡೆ ರಕ್ತ ಹರಿದರೆ ರಸ ತೊಳೆದುಹೋದೀತೆಂದು ಹಿಂದಿನವರು ಹೆದರುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಬಂದ ಕವಲುಮೊನೆಯ ಸೂಜಿಯಲ್ಲಿ ಹದಿನೈದು ಬಾರಿ ಚುಚ್ಚಿದ ಮೇಲೆ ತುಸು ರಕ್ತ ಕಂಡರೇನೇ ಕೆಲಸ ಸರಿಯಾಯಿತೆಂದು ಲೆಕ್ಕ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯಂತೆ ದಂಡೂ, ಅಂದರೆ ಕಂಟೋನ್ಮೆಂಟ್ ಕೂಡ, ತತ್ತರಿಸಿತು. ಕಿಕ್ಕಿರಿದ ಕೇರಿಗಳ ಒತ್ತಡ ತಗ್ಗಿಸಲು ಮುಂದೆ ಫ್ರೇಜರ್ ಟೌನ್ ಹುಟ್ಟಿದ್ದು ಈ ಪೆಟ್ಟಿನಿಂದಲೇ. ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಮ್ಮ ಮೈಗೇ ಮೊದಲು ಚುಚ್ಚಿಕೊಂಡು ನೋಡಿದ್ದ ಲಸಿಕೆ ಆಗ ಕೈಯಲ್ಲಿತ್ತು. ಹುಬ್ಬಳ್ಳಿಯಲ್ಲಿ 1898ರಲ್ಲಿ ಅದನ್ನು ಊರಿಗೆ ಊರೇ ಎನ್ನುವಷ್ಟು ಜನ ಹಾಕಿಸಿಕೊಂಡರು. ಆದರೆ 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್‌ರನ್ನು ಕೆಲಸದಿಂದ ದೂರವಿಟ್ಟರು; ತಪ್ಪು ಅವರದಲ್ಲ ಎಂದು ಸರ್ಕಾರ ಒಪ್ಪಿದ್ದು 1907ರಲ್ಲಿ. ಪ್ಲೇಗು ಕೊಂದ ಲಕ್ಷಾಂತರ ಜನರ ಎದುರು ಈ 19 ಯಾವ ಲೆಕ್ಕ, ಇಂಥದ್ದನ್ನು ಎತ್ತಿ ಆಡಿದರೆ ಜನ ಲಸಿಕೆಯಿಂದಲೇ ದೂರ ಸರಿಯುವುದಿಲ್ಲವೇ ಎಂದು ಕೇಳಬಹುದು. ಅಂಕಿಗಳ ತೂಕದಲ್ಲಿ ಈ ಆಕ್ಷೇಪ ಸರಿಯೇ. ಆದರೆ ಸೂಜಿಯಿಂದ ಸತ್ತವರ ನೆನಪು ಬಾಯಿಂದ ಬಾಯಿಗೆ ಹರಡುವುದನ್ನು ಯಾವ ಮೌನವೂ ತಡೆಯಲಾರದು. ಒಂದು ಸೀಸೆಯ ಮಾಲಿನ್ಯಕ್ಕೂ ಲಸಿಕೆಯ ಗುಣಕ್ಕೂ ಇರುವ ಅಂತರವನ್ನು ತೋರಿಸಿಕೊಟ್ಟದ್ದು ವಿಚಾರಣೆಯೇ ಹೊರತು ಮೌನವಲ್ಲ.

2021ರಲ್ಲಿ ಈ ಪಾಠ ಅರ್ಧ ನೆನಪಾಯಿತು, ಅರ್ಧ ಮರೆತುಹೋಯಿತು. ಅಪರೂಪಕ್ಕೆ ಕೆಲವರಲ್ಲಿ ಪ್ಲೇಟ್‌ಲೆಟ್ ಕುಸಿದು, ರಕ್ತ ಹೆಪ್ಪುಗಟ್ಟುವುದೂ ಸೋರುವುದೂ ಒಟ್ಟಿಗೇ ಆಗುವ ತೊಂದರೆ ಯುರೋಪಿನಲ್ಲಿ ಕಂಡಾಗ ಲಸಿಕೆಯ ನಂತರದ ತೊಂದರೆಗಳನ್ನು ಪರಿಶೀಲಿಸುವ ಭಾರತದ ರಾಷ್ಟ್ರೀಯ ಸಮಿತಿಯೂ ತನ್ನ ದಾಖಲೆಗಳನ್ನು ಜಾಲಾಡಿತು. ಕೇಂದ್ರ ಆರೋಗ್ಯ ಸಚಿವಾಲಯ ಮೇ 17ರಂದು ವರದಿಯನ್ನು ಹೊರಗಿಟ್ಟಿತು: ಪರಿಶೀಲಿಸಿದ 498 ಗಂಭೀರ ಪ್ರಕರಣಗಳಲ್ಲಿ 26, ಹತ್ತು ಲಕ್ಷ ಡೋಸಿಗೆ 0.61ರಂತೆ, ಕೋವಿಶೀಲ್ಡ್ ನಂತರದ ಹೆಪ್ಪುಗಟ್ಟುವಿಕೆಯಾಗಿರಬಹುದು. ಕೋವ್ಯಾಕ್ಸಿನ್‌ನಲ್ಲಿ ಅಂಥದ್ದು ಕಂಡಿಲ್ಲ. ಲಸಿಕೆ ಪಡೆದ ಇಪ್ಪತ್ತು ದಿನಗಳೊಳಗೆ ಚುಚ್ಚಿದ ಜಾಗದಿಂದಾಚೆ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆಗಳು ಎದ್ದರೆ, ಮೈ ನೀಲಿಗಟ್ಟಿದರೆ, ಉಸಿರು ಕಟ್ಟಿದರೆ, ಎದೆ ನೋವಾದರೆ ಆಸ್ಪತ್ರೆಗೆ ಬನ್ನಿ ಎಂದೂ ಹೇಳಿತು. ಹೀಗೆ ಬಿಚ್ಚಿ ಹೇಳಿದ್ದರಿಂದ ಲಸಿಕೆಯ ಕೆಲಸ ನಿಲ್ಲಲಿಲ್ಲ. ಚುಚ್ಚಿದಲ್ಲಿ ಕಂಡ ಹನಿ ರಕ್ತಕ್ಕೆ ಹತ್ತಿ ಒತ್ತಿ ಹಿಡಿದರೆ ಸಾಕು; ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಮೋಫಿಲಿಯಾ ಇರುವವರು ಅದನ್ನು ಮೊದಲೇ ಹೇಳಬೇಕು. ದೂರದಲ್ಲಿ ಏಳುವ ಚುಕ್ಕೆ ಮಾತ್ರ ಬೇರೆ ಜಾತಿಯದು. ಈ ಎರಡರ ವ್ಯತ್ಯಾಸ ತಿಳಿದವರು ಗಾಬರಿಯಾಗದೆಯೂ ಎಚ್ಚರವಾಗಿರಬಲ್ಲರು.

ಮರೆತ ಅರ್ಧ ಹೆಂಗಸರದು. ಏಪ್ರಿಲ್‌ನಲ್ಲಿ, ಮುಟ್ಟಿನ ಐದು ದಿನ ಮೊದಲು ಮತ್ತು ಐದು ದಿನ ನಂತರ ಲಸಿಕೆ ಬೇಡ ಎಂಬ ಸುಳ್ಳು ಸಂದೇಶ ಫೋನಿನಿಂದ ಫೋನಿಗೆ ಹಾರಾಡಿತು. ಸರ್ಕಾರ ಅದನ್ನು ಅಲ್ಲಗಳೆದದ್ದು ಸರಿ. ಆದರೆ ಲಸಿಕೆಗೂ ಮುಟ್ಟಿಗೂ ಏನಾದರೂ ಸಂಬಂಧವಿದೆಯೇ ಎಂಬ ಪ್ರಶ್ನೆಗೆ ಆಗ ಯಾರ ಕೈಯಲ್ಲೂ ಪುರಾವೆ ಇರಲಿಲ್ಲ, ಏಕೆಂದರೆ ಲಸಿಕೆಗಳ ದೊಡ್ಡ ಪ್ರಯೋಗಗಳು ಅದನ್ನು ಕೇಳಿಯೇ ಇರಲಿಲ್ಲ. ಉತ್ತರ ಬಂದದ್ದು ತಡವಾಗಿ. ಅಮೆರಿಕದ 3,959 ಮಹಿಳೆಯರ ಅಧ್ಯಯನ 2022ರ ಜನವರಿಯಲ್ಲಿ ಪ್ರಕಟವಾಗಿ, ಒಂದು ಡೋಸಿನಿಂದ ಋತುಚಕ್ರ ಸರಾಸರಿ ಒಂದು ದಿನಕ್ಕೂ ಕಡಿಮೆ ಅವಧಿಯಷ್ಟು ಮಾತ್ರ ಉದ್ದವಾಗುತ್ತದೆ ಎಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆಯು ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಅಡ್ಡಪರಿಣಾಮಗಳ ಪಟ್ಟಿಗೆ ಅತಿ ಮುಟ್ಟಿನ ಸ್ರಾವವನ್ನು ಸೇರಿಸಲು ಹೇಳಿತು. ಬಹುಪಾಲು ತಾತ್ಕಾಲಿಕ, ಗಂಭೀರವಲ್ಲ ಎಂದೂ ಹೇಳಿತು. ಇವು ನಮ್ಮಲ್ಲಿ ಹೆಚ್ಚಾಗಿ ಹಾಕಿದ ಲಸಿಕೆಗಳಲ್ಲ, ಅಲ್ಲಿನ ಉತ್ತರವನ್ನು ಇಲ್ಲಿಗೆ ಹಾಗೇ ಹೊಂದಿಸಬಾರದು ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಾದರೆ ನಮ್ಮವರನ್ನೂ ಕೇಳಿ ಬರೆದುಕೊಳ್ಳಬೇಕಿತ್ತು ಎಂಬುದಷ್ಟೇ ಅದರಿಂದ ಹೊರಡುವ ತೀರ್ಮಾನ. ಕೇಳದೆ ಬಿಟ್ಟರೆ ಇನ್ನೊಂದು ಅಪಾಯವೂ ಇದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವ ರಕ್ತ ಕೆಲವೊಮ್ಮೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ. ಲಸಿಕೆಯದ್ದೇ ಇರಬೇಕೆಂದು ಅದನ್ನು ಸುಮ್ಮನೆ ಬಿಟ್ಟವರಿಗೂ, ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮಾತಷ್ಟೇ ಕೇಳಿ ಮನೆಗೆ ಮರಳಿದವರಿಗೂ ಆಗಬೇಕಾದದ್ದು ಒಂದೇ, ಸ್ತ್ರೀರೋಗ ತಜ್ಞರ ತಪಾಸಣೆ.