ಪಾತ್ರಕ್ಕಾಗಿ ದೇಹದಂಡನೆ: ‘ಪರಕಾಯ ಪ್ರವೇಶ’ಕ್ಕೆ ನಟರು ತೆರುವ ಬೆಲೆ

‘ಪರಕಾಯ ಪ್ರವೇಶ’ ಎಂಬುದು ಕನ್ನಡದ ಚಿತ್ರ ವಿಮರ್ಶೆಯಲ್ಲಿ ಬಳಸಿ ಬಳಸಿ ಸವೆದ ಮಾತು. ಉತ್ತಮ ಅಭಿನಯ ಕಂಡಾಗಲೆಲ್ಲ ಅದು ತಾನಾಗಿಯೇ ಲೇಖನಿಗೆ ಬರುತ್ತದೆ. ಆದರೆ ಈ ಮಾತನ್ನು ಅಕ್ಷರಶಃ ನಿಜವಾಗಿಸಲು ಹೊರಟ ನಟರ ಪರಂಪರೆಯೊಂದು ಜಗತ್ತಿನ ಚಲನಚಿತ್ರರಂಗದಲ್ಲಿದೆ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದು ಎಲುಬಿನ ಹಂದರವಾದವರು, ಬೇಕೆಂದೇ ಬೊಜ್ಜು ಬೆಳೆಸಿಕೊಂಡವರು, ಚಿತ್ರೀಕರಣದ ಬಿಡುವಿನಲ್ಲೂ ಗಾಲಿಕುರ್ಚಿಯಿಂದ ಏಳದವರು, ಮನೆಮಠ ಬಿಟ್ಟು ಏಕಾಂತಕ್ಕೆ ಸರಿದವರು ಈ ಸಾಲಿನಲ್ಲಿದ್ದಾರೆ. ಇವರಲ್ಲಿ ಹಲವರಿಗೆ ಆಸ್ಕರ್ ಸಂದಿದೆ. ಕೆಲವರಿಗೆ ಪ್ರಶಸ್ತಿಯ ಜತೆಗೆ ಕಾಯಿಲೆಯೂ ಅಂಟಿಕೊಂಡಿದೆ. ಇಂತಹ ಸಿದ್ಧತೆ ಎಲ್ಲಿಂದ ಆರಂಭವಾಯಿತು, ಅದರಿಂದ ಅಭಿನಯಕ್ಕೆ ದಕ್ಕುವುದೇನು, ಅದಕ್ಕಾಗಿ ದೇಹ ಮತ್ತು ಮನಸ್ಸು ಕಳೆದುಕೊಳ್ಳುವುದೇನು ಎಂಬುದರ ಪರಿಚಯ ಇಲ್ಲಿದೆ.

ಮಾಸ್ಕೋದಿಂದ ನ್ಯೂಯಾರ್ಕ್‌ಗೆ

ಈ ಚಿಂತನೆಯ ಬೇರು ಇರುವುದು ರಷ್ಯದಲ್ಲಿ. 1898ರಲ್ಲಿ ನೆಮಿರೊವಿಚ್ ಡಾಂಚೆಂಕೊ ಜತೆಗೂಡಿ ಮಾಸ್ಕೋ ಆರ್ಟ್ ಥಿಯೇಟರ್ ಸ್ಥಾಪಿಸಿದ ಕಾನ್ಸ್‌ಟಾಂಟಿನ್ ಸ್ತಾನಿಸ್ಲಾವ್‌ಸ್ಕಿ (1863-1938), ಅಬ್ಬರದ ಹಾವಭಾವಗಳಿಂದ ರಂಗಭೂಮಿಯನ್ನು ಬಿಡಿಸಲು ಬಯಸಿದರು. ಪಾತ್ರ ಇರುವ ಸನ್ನಿವೇಶದಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನಟ ತನ್ನನ್ನೇ ಕೇಳಿಕೊಳ್ಳಬೇಕು ಎಂಬುದು ಅವರ ಪದ್ಧತಿಯ ಒಂದು ಮುಖ್ಯ ಸೂತ್ರ. ತನ್ನ ಬದುಕಿನ ನೋವು ನಲಿವುಗಳ ನೆನಪನ್ನು ಪಾತ್ರಕ್ಕೆ ಒದಗಿಸುವ ‘ಭಾವಸ್ಮೃತಿ’ಯ ಅಭ್ಯಾಸವನ್ನೂ ಅವರು ಬೋಧಿಸಿದರು.

1923-24ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಅಮೆರಿಕದಲ್ಲಿ ಪ್ರವಾಸ ಕೈಗೊಂಡಾಗ ಈ ಪದ್ಧತಿಯ ಗಾಳಿ ಅಲ್ಲಿಗೂ ಬೀಸಿತು. 1931ರಲ್ಲಿ ನ್ಯೂಯಾರ್ಕ್‌ನಲ್ಲಿ ಗ್ರೂಪ್ ಥಿಯೇಟರ್ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಲೀ ಸ್ಟ್ರಾಸ್‌ಬರ್ಗ್ ಭಾವಸ್ಮೃತಿಯನ್ನೇ ನಟನ ಮುಖ್ಯ ಸಾಧನವೆಂದು ಭಾವಿಸಿದರು. ಇದೇ ಮುಂದೆ ‘ಮೆಥಡ್’ ಎಂದು ಪ್ರಸಿದ್ಧವಾಯಿತು. 1947ರಲ್ಲಿ ಆರಂಭವಾದ ಆಕ್ಟರ್ಸ್ ಸ್ಟುಡಿಯೊ ಅದರ ಕೇಂದ್ರವಾಯಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಅದೇ ಗ್ರೂಪ್ ಥಿಯೇಟರ್‌ನ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿ ಅವರನ್ನು ಸ್ವತಃ ಭೇಟಿಯಾಗಿ ಕಲಿತು ಬಂದರು. ಗುರು ಆ ವೇಳೆಗಾಗಲೇ ನೆನಪಿಗಿಂತ ಕಲ್ಪನೆಗೆ, ದೈಹಿಕ ಕ್ರಿಯೆಗೆ ಹೆಚ್ಚು ಒತ್ತು ನೀಡುತ್ತಿದ್ದಾರೆ ಎಂದು ಅವರು ನ್ಯೂಯಾರ್ಕ್‌ನಲ್ಲಿ ವಾದಿಸಿದರು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ‘ಮೆಥಡ್’ ನಟನೆಯ ಮೇರುಪುರುಷ ಎಂದು ಬಣ್ಣಿಸಲಾಗುವ ಮರ್ಲನ್ ಬ್ರ್ಯಾಂಡೊ ತಮ್ಮ ಗುರುವೆಂದು ಹೇಳಿಕೊಂಡದ್ದು ಆಡ್ಲರ್ ಅವರನ್ನು. ಮನಸ್ಸಿನ ಹಳೆಯ ಗಾಯಗಳನ್ನು ಕೆದಕದೆಯೂ ಶ್ರೇಷ್ಠ ಅಭಿನಯ ಸಾಧ್ಯ ಎಂಬ ವಾದ ಹೀಗೆ ಈ ಪದ್ಧತಿಯ ಹುಟ್ಟಿನಷ್ಟೇ ಹಳೆಯದು.

ಬದುಕನ್ನು ನೋಡಿ ಕಲಿತವರು

ಮೊದಲ ತಲೆಮಾರಿನ ಸಿದ್ಧತೆಯಲ್ಲಿ ದೇಹದಂಡನೆಗಿಂತ ಬದುಕಿನ ವೀಕ್ಷಣೆ ಪ್ರಧಾನವಾಗಿತ್ತು. ಬ್ರ್ಯಾಂಡೊ ತಮ್ಮ ಮೊದಲ ಚಿತ್ರ ‘ದಿ ಮೆನ್’ಗಾಗಿ (1950) ಯುದ್ಧದಲ್ಲಿ ಗಾಯಗೊಂಡು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕರೊಂದಿಗೆ ಕ್ಯಾಲಿಫೋರ್ನಿಯದ ಆಸ್ಪತ್ರೆಯಲ್ಲಿ ಸುಮಾರು ಒಂದು ತಿಂಗಳು ಕಳೆದರು.

ಭಾರತದಲ್ಲಿಯೂ ಅದೇ ಕಾಲದ ಉದಾಹರಣೆಯೊಂದಿದೆ. ಬಿಮಲ್ ರಾಯ್ ನಿರ್ದೇಶನದ ‘ದೋ ಬಿಘಾ ಜಮೀನ್’ನಲ್ಲಿ (1953) ಜಮೀನು ಉಳಿಸಿಕೊಳ್ಳಲು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುವ ರೈತನ ಪಾತ್ರ ಬಲರಾಜ್ ಸಾಹ್ನಿ ಅವರದು. ಇಂಗ್ಲಿಷ್ ಸಾಹಿತ್ಯ ಓದಿ, ಲಂಡನ್‌ನ ಬಿಬಿಸಿಯಲ್ಲಿ ದುಡಿದು ಬಂದಿದ್ದ ಅವರು ಕಲ್ಕತ್ತೆಯ ಬೀದಿಗಳಲ್ಲಿ ಬರಿಗಾಲಿನಲ್ಲಿ ರಿಕ್ಷಾ ಎಳೆದರು. ಆಗ ಭೇಟಿಯಾದ ಬಿಹಾರದ ರಿಕ್ಷಾವಾಲನೊಬ್ಬನ ಬದುಕಿನ ಕಥೆ ಚಿತ್ರದ ಕಥೆಯೇ ಆಗಿತ್ತು ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಭಿನಯದ ಸಿದ್ಧಾಂತಗಳನ್ನು ಬದಿಗಿಟ್ಟು ಆ ಮನುಷ್ಯನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ನಟಿಸಿದೆ ಎಂಬುದು ಅವರ ಮಾತಿನ ಸಾರ.

ತೂಕದ ತಕ್ಕಡಿ

ದೇಹವನ್ನೇ ತಿದ್ದುವ ಪರಿಪಾಠಕ್ಕೆ ಭದ್ರ ಮಾದರಿ ಹಾಕಿಕೊಟ್ಟವರು ರಾಬರ್ಟ್ ಡಿ ನಿರೊ. ‘ಟ್ಯಾಕ್ಸಿ ಡ್ರೈವರ್’ಗಾಗಿ (1976) ಪರವಾನಗಿ ಪಡೆದು ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಓಡಿಸಿದ್ದ ಅವರು, ಮಾರ್ಟಿನ್ ಸ್ಕಾರ್ಸೆಸಿ ಅವರ ‘ರೇಜಿಂಗ್ ಬುಲ್’ಗಾಗಿ (1980) ಮುಷ್ಟಿಯುದ್ಧ ಪಟು ಜೇಕ್ ಲಾಮೊಟಾ ಅವರಿಂದಲೇ ತರಬೇತಿ ಪಡೆದರು. ಅದೇ ಪಟುವಿನ ಸ್ಥೂಲಕಾಯದ ನಡುವಯಸ್ಸನ್ನು ತೋರಿಸಲು ಚಿತ್ರೀಕರಣವನ್ನು ತಿಂಗಳುಗಟ್ಟಲೆ ನಿಲ್ಲಿಸಲಾಯಿತು. ಆ ಅವಧಿಯಲ್ಲಿ ಡಿ ನಿರೊ ಇಟಲಿ, ಫ್ರಾನ್ಸ್‌ಗಳಲ್ಲಿ ಉಂಡು ತಿಂದು ಸುಮಾರು 27 ಕಿಲೊ ತೂಕ ಏರಿಸಿಕೊಂಡರು. ಅವರ ಏದುಸಿರು ಕಂಡು ನಿರ್ದೇಶಕರೇ ಕಳವಳಗೊಂಡು ಆ ಭಾಗದ ಚಿತ್ರೀಕರಣವನ್ನು ಚುಟುಕಾಗಿ ಮುಗಿಸಿದರು. ಡಿ ನಿರೊಗೆ ಶ್ರೇಷ್ಠ ನಟ ಆಸ್ಕರ್ ದೊರೆಯಿತು.

ನಂತರದ ದಶಕಗಳಲ್ಲಿ ಈ ತಕ್ಕಡಿ ಎರಡೂ ಕಡೆಗೆ ವಾಲಿತು. ‘ಕಾಸ್ಟ್ ಅವೇ’ (2000) ಚಿತ್ರದಲ್ಲಿ ನಿರ್ಜನ ದ್ವೀಪದ ಪಾಲಾದ ವ್ಯಕ್ತಿಯನ್ನು ಅಭಿನಯಿಸಲು ಟಾಮ್ ಹ್ಯಾಂಕ್ಸ್ 20 ಕಿಲೊಗೂ ಹೆಚ್ಚು ಇಳಿದರು. ಅದಕ್ಕಾಗಿ ಚಿತ್ರೀಕರಣಕ್ಕೆ ಸುಮಾರು ಒಂದು ವರ್ಷದ ಬಿಡುವು ಕೊಡಲಾಯಿತು. ‘ಮಾನ್‌ಸ್ಟರ್’ಗಾಗಿ (2003) ತೂಕ ಏರಿಸಿಕೊಂಡ ಚಾರ್ಲೀಜ್ ಥೆರಾನ್, ‘ಡಲ್ಲಾಸ್ ಬಯರ್ಸ್ ಕ್ಲಬ್’ಗಾಗಿ (2013) ಬಡಕಲಾದ ಮ್ಯಾಥ್ಯೂ ಮೆಕಾನಹಿ, ‘ಜೋಕರ್’ಗಾಗಿ (2019) ಸುಮಾರು 23 ಕಿಲೊ ಇಳಿದ ವಾಕೀನ್ ಫೀನಿಕ್ಸ್ ಮೂವರೂ ಆಸ್ಕರ್ ಗೆದ್ದವರೇ.

ಇವರೆಲ್ಲರನ್ನೂ ಮೀರಿಸಿದ ಹೆಸರು ಕ್ರಿಶ್ಚಿಯನ್ ಬೇಲ್. ನಿದ್ರೆಯೇ ಬಾರದ ಕಾರ್ಮಿಕನ ಕಥೆಯಾದ ‘ದಿ ಮೆಷಿನಿಸ್ಟ್’ಗಾಗಿ (2004) ಆರು ಅಡಿ ಎತ್ತರದ ಈ ನಟ ಸುಮಾರು 28 ಕಿಲೊ ಇಳಿದು 55 ಕಿಲೊ ಆಸುಪಾಸಿಗೆ ಬಂದರು. ದಿನವೊಂದಕ್ಕೆ ಒಂದು ಸೇಬು, ಒಂದು ಡಬ್ಬಿ ಟ್ಯೂನಾ ಮೀನು, ಕಾಫಿ ಇಷ್ಟೇ ಅವರ ಆಹಾರವಾಗಿತ್ತೆಂದು ವರದಿಯಾಗಿತ್ತು. ಅದು ಮುಗಿದ ಕೆಲವೇ ತಿಂಗಳಲ್ಲಿ ‘ಬ್ಯಾಟ್‌ಮನ್ ಬಿಗಿನ್ಸ್’ಗಾಗಿ (2005) ಸುಮಾರು 45 ಕಿಲೊ ಏರಿಸಿಕೊಂಡರು. ಮತ್ತೆ ‘ದಿ ಫೈಟರ್’ಗೆ (2010) ಇಳಿಕೆ, ‘ವೈಸ್’ಗೆ (2018) ಏರಿಕೆ. ಆ ಬಳಿಕ, ಇನ್ನು ಇಂತಹ ಸಾಹಸ ಸಾಕು ಎಂಬ ಧಾಟಿಯಲ್ಲಿ ಅವರೇ ಸಂದರ್ಶನಗಳಲ್ಲಿ ಮಾತನಾಡಿದರು.

ಹಸಿವು ಮಾಡುವ ಕೆಲಸ

ಹೀಗೆ ದೇಹವನ್ನು ಒಣಗಿಸಿದಾಗ ಆಗುವುದೇನು? ಇದಕ್ಕೆ ಉತ್ತರ ಸಿನಿಮಾದ ಹೊರಗಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ನೇತೃತ್ವದಲ್ಲಿ ಹಸಿವಿನ ಪ್ರಯೋಗವೊಂದು ನಡೆಯಿತು. ಯುದ್ಧದಲ್ಲಿ ಭಾಗವಹಿಸಲು ನಿರಾಕರಿಸಿದ್ದ 36 ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ ಅದಕ್ಕೆ ಒಪ್ಪಿದ್ದರು. ಸುಮಾರು ಆರು ತಿಂಗಳ ಕಾಲ ಅವರಿಗೆ ದಿನಕ್ಕೆ ಸರಾಸರಿ 1,600 ಕ್ಯಾಲೊರಿಗೂ ಕಡಿಮೆ ಆಹಾರ ಕೊಟ್ಟು, ದೇಹತೂಕದ ಕಾಲು ಭಾಗ ಇಳಿಯುವಂತೆ ಮಾಡಲಾಯಿತು.

ಫಲಿತಾಂಶ ದೇಹಕ್ಕೆ ಸೀಮಿತವಾಗಿರಲಿಲ್ಲ. ನಾಡಿಬಡಿತ ನಿಧಾನಗೊಂಡಿತು, ಸದಾ ಚಳಿ ಕಾಡಿತು, ಸ್ನಾಯುಬಲ ಕುಗ್ಗಿತು. ಅದರೊಂದಿಗೆ ಖಿನ್ನತೆ, ಸಿಡುಕು, ಒಂಟಿತನದ ಬಯಕೆ ಬೆಳೆದವು. ಊಟದ ಯೋಚನೆ ಬಿಟ್ಟರೆ ಬೇರೆ ಯೋಚನೆಯೇ ಇಲ್ಲವಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಪುನಶ್ಚೇತನದ ಹಂತದಲ್ಲಿದ್ದ ಒಬ್ಬ ಯುವಕ ಕೊಡಲಿಯಿಂದ ತನ್ನ ಕೈಬೆರಳುಗಳನ್ನೇ ಕಡಿದುಕೊಂಡ. ಅದು ಬೇಕೆಂದು ಮಾಡಿದ್ದೋ ಅಚಾತುರ್ಯವೋ ಎಂದು ಹೇಳಲು ಅವನಿಗೇ ಆಗಲಿಲ್ಲ. ಊಟ ಮರಳಿದ ಮೇಲೂ ಹಲವರಿಗೆ ಹೊಟ್ಟೆ ತುಂಬಿದ ಅನುಭವವಾಗಲು ತಿಂಗಳುಗಳೇ ಬೇಕಾದವು.

ನಟನಿಗೆ ಈ ಪ್ರಯೋಗ ಹೇಳುವ ಸತ್ಯ ಸರಳ. ಪಾತ್ರಕ್ಕಾಗಿ ಹಸಿದವನ ಮುಖದಲ್ಲಿ ಕಾಣುವ ಶೂನ್ಯತೆ ಭಾಗಶಃ ಅಭಿನಯ, ಭಾಗಶಃ ಹಸಿವಿನ ರೋಗಲಕ್ಷಣ. ದೀರ್ಘ ಉಪವಾಸದ ನಂತರ ಒಮ್ಮೆಲೇ ಉಣ್ಣುವುದೂ ಅಪಾಯಕಾರಿ. ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂನಂತಹ ಲವಣಾಂಶ ಕುಸಿದು ಹೃದಯದ ಲಯ ತಪ್ಪಬಹುದು. ವೈದ್ಯರ ನಿಗಾ ಇಲ್ಲದೆ ಇಂತಹ ಏರಿಳಿತಕ್ಕೆ ಇಳಿಯುವುದು ಆತ್ಮಘಾತುಕ ಎನ್ನಲು ಇದೇ ಕಾರಣ.

ಮನಸ್ಸಿನ ಬಾಗಿಲು

ದೇಹಕ್ಕಿಂತ ಸೂಕ್ಷ್ಮವಾದದ್ದು ಮನಸ್ಸಿನ ಸಿದ್ಧತೆ. ‘ಮೈ ಲೆಫ್ಟ್ ಫುಟ್’ನಲ್ಲಿ (1989) ಎಡಗಾಲೊಂದರಿಂದಲೇ ಬರೆದು ಚಿತ್ರ ಬಿಡಿಸಿದ ಐರಿಷ್ ಲೇಖಕ ಕ್ರಿಸ್ಟಿ ಬ್ರೌನ್ ಪಾತ್ರ ವಹಿಸಿದ ಡೇನಿಯಲ್ ಡೇ ಲೂಯಿಸ್, ಬಿಡುವಿನಲ್ಲೂ ಗಾಲಿಕುರ್ಚಿ ಬಿಡಲಿಲ್ಲ. ಚಿತ್ರತಂಡದವರೇ ಅವರಿಗೆ ಉಣಿಸಬೇಕಾಗಿತ್ತು. ಶ್ರೇಷ್ಠ ನಟ ಆಸ್ಕರನ್ನು ಮೂರು ಬಾರಿ ಪಡೆದ ಅವರು 2017ರಲ್ಲಿ ನಿವೃತ್ತಿ ಘೋಷಿಸಿ, 2025ರ ‘ಅನೆಮನಿ’ಯ ಮೂಲಕ ಮರಳಿದರು.

ರೊಮನ್ ಪೊಲಾನ್‌ಸ್ಕಿ ಅವರ ‘ದಿ ಪಿಯಾನಿಸ್ಟ್’ನಲ್ಲಿ (2002) ನಾಜಿಗಳಿಂದ ಎಲ್ಲವನ್ನೂ ಕಳೆದುಕೊಳ್ಳುವ ಸಂಗೀತಗಾರನ ಪಾತ್ರಕ್ಕಾಗಿ ಏಡ್ರಿಯನ್ ಬ್ರೋಡಿ ಮನೆ, ಕಾರು, ದೂರವಾಣಿಗಳನ್ನು ತೊರೆದರು. ಸುಮಾರು 14 ಕಿಲೊ ಇಳಿದರು, ದಿನವೂ ಗಂಟೆಗಟ್ಟಲೆ ಪಿಯಾನೊ ಅಭ್ಯಾಸ ಮಾಡಿದರು. 29ರ ಹರೆಯದಲ್ಲಿ ಅವರಿಗೆ ಬಂದ ಆಸ್ಕರ್, ಆ ವಿಭಾಗದ ಅತಿ ಕಿರಿಯ ವಿಜೇತ ಎಂಬ ದಾಖಲೆ ಬರೆಯಿತು. ಆದರೆ ಆ ಪಾತ್ರದ ನಂತರ ಆಹಾರದ ಜತೆಗಿನ ಸಂಬಂಧವೇ ಕೆಟ್ಟು, ನಿದ್ರಾಹೀನತೆ ಮತ್ತು ಖಿನ್ನತೆಯಿಂದ ಬಳಲಿದ್ದಾಗಿ ಎರಡು ದಶಕಗಳ ಬಳಿಕ ಅವರು ತೆರೆದ ಮನಸ್ಸಿನಿಂದ ಹೇಳಿಕೊಂಡರು.

ಈ ವಿಷಯದಲ್ಲಿ ದಂತಕಥೆಗಳ ಬಗ್ಗೆಯೂ ಎಚ್ಚರ ಬೇಕು. ‘ದಿ ಡಾರ್ಕ್ ನೈಟ್’ನ (2008) ಜೋಕರ್ ಪಾತ್ರಕ್ಕಾಗಿ ಹೀತ್ ಲೆಜರ್ ಹೋಟೆಲ್ ಕೊಠಡಿಯಲ್ಲಿ ಸುಮಾರು ಒಂದು ತಿಂಗಳು ಏಕಾಂತದಲ್ಲಿದ್ದು ದಿನಚರಿ ಬರೆದದ್ದು ನಿಜ. 2008ರ ಜನವರಿ 22ರಂದು, 28ನೇ ವಯಸ್ಸಿನಲ್ಲಿ ಅವರು ತೀರಿಕೊಂಡದ್ದೂ ನಿಜ. ಆದರೆ ವೈದ್ಯರು ಬರೆದುಕೊಡುವ ಹಲವು ಔಷಧಗಳು ಆಕಸ್ಮಿಕವಾಗಿ ದೇಹದಲ್ಲಿ ಬೆರೆತದ್ದು ಸಾವಿಗೆ ಕಾರಣ ಎಂದು ನ್ಯೂಯಾರ್ಕ್‌ನ ವೈದ್ಯಕೀಯ ಪರೀಕ್ಷಕರು ತಿಳಿಸಿದರು. ಜೋಕರ್ ಅವರನ್ನು ಬಲಿ ತೆಗೆದುಕೊಂಡ ಎಂಬ ಕಥೆಯನ್ನು ಕುಟುಂಬದವರು ಅಲ್ಲಗಳೆದಿದ್ದಾರೆ.

ಹಾಗೆಂದು ಪಾತ್ರ ಮಿದುಳನ್ನು ಮುಟ್ಟುವುದೇ ಇಲ್ಲ ಎಂದಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಮಿಯೊ ಅಥವಾ ಜೂಲಿಯಟ್ ಆಗಿ ಪ್ರಶ್ನೆಗಳಿಗೆ ಉತ್ತರಿಸುವಾಗ ನಟರ ಮಿದುಳಿನ ಮುಂಭಾಗದ ಕೆಲವು ವಲಯಗಳ ಚಟುವಟಿಕೆ ತಗ್ಗಿದ್ದು ಕಂಡುಬಂತು. ‘ನಾನು’ ಎಂಬ ಭಾವಕ್ಕೆ ಸಂಬಂಧಿಸಿದ ವಲಯಗಳೂ ಅವುಗಳಲ್ಲಿದ್ದವು.

ಭಾರತದ ಪ್ರಯೋಗಗಳು

‘ದಂಗಲ್’ಗಾಗಿ (2016) ಆಮಿರ್ ಖಾನ್ 97 ಕಿಲೊವರೆಗೆ ತೂಕ ಏರಿಸಿಕೊಂಡು, ಕುಸ್ತಿಪಟುವಿನ ನಡುವಯಸ್ಸಿನ ದೃಶ್ಯಗಳನ್ನು ಮೊದಲು ಮುಗಿಸಿದರು. ಆನಂತರ ತಿಂಗಳುಗಟ್ಟಲೆ ಬೆವರು ಹರಿಸಿ ತೂಕ ಇಳಿಸಿ ಯೌವನದ ದೃಶ್ಯಗಳಲ್ಲಿ ನಟಿಸಿದರು. ಬೆನ್ಯಾಮಿನ್ ಕಾದಂಬರಿ ಆಧರಿಸಿ ಬ್ಲೆಸ್ಸಿ ನಿರ್ದೇಶಿಸಿದ ಮಲಯಾಳದ ‘ಆಡುಜೀವಿತಂ’ನಲ್ಲಿ (2024) ಮರುಭೂಮಿಯಲ್ಲಿ ಜೀತಕ್ಕೆ ಸಿಲುಕಿದ ವಲಸಿಗನ ಪಾತ್ರಕ್ಕಾಗಿ ಪೃಥ್ವಿರಾಜ್ ಸುಕುಮಾರನ್ 31 ಕಿಲೊ ಇಳಿದರು.

ಕನ್ನಡದಲ್ಲಿ ಈ ಮಾತು ಬಂದಾಗ ಮರೆಯಲಾಗದ ಹೆಸರು ಸಂಚಾರಿ ವಿಜಯ್. ಬೆಂಗಳೂರಿನ ಹವ್ಯಾಸಿ ರಂಗಭೂಮಿಯಿಂದ ಬಂದ ಅವರು, ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಲಿಂಗಪರಿವರ್ತಿತ ಮಹಿಳೆಯ ಪಾತ್ರ ವಹಿಸಿ 2014ನೇ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ಆ ಪಾತ್ರದ ಬಲ ಇದ್ದದ್ದು ಕಿಲೊಗಳ ಲೆಕ್ಕದಲ್ಲಲ್ಲ. ನಡಿಗೆ, ನೋಟ, ದನಿಗಳ ಸೂಕ್ಷ್ಮದಲ್ಲಿ. 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೀಡಾಗಿ ಅವರು ನಿಧನರಾದಾಗ ಕುಟುಂಬದವರು ಅವರ ಅಂಗಾಂಗ ದಾನ ಮಾಡಿದರು.

ವೇಷ ಕಳಚುವ ವಿದ್ಯೆ

ನಟನ ಒಳ-ಹೊರಗಿನ ಪ್ರಶ್ನೆಯನ್ನು ಭರತನ ನಾಟ್ಯಶಾಸ್ತ್ರವೂ ಎತ್ತಿಕೊಂಡಿದೆ. ಆಂಗಿಕ, ವಾಚಿಕ, ಆಹಾರ್ಯಗಳ ಜತೆಗೆ ಅದು ಹೇಳುವ ನಾಲ್ಕನೆಯದು ಸಾತ್ತ್ವಿಕ ಅಭಿನಯ. ಕಣ್ಣೀರು, ಬೆವರು, ರೋಮಾಂಚ, ಕಂಪನ ಮುಂತಾದ ಎಂಟು ಸಾತ್ತ್ವಿಕ ಭಾವಗಳು ಮನಸ್ಸಿನ ಏಕಾಗ್ರತೆಯಿಂದ ಹುಟ್ಟುತ್ತವೆ ಎಂಬುದು ಅದರ ನಿಲುವು. ಅಲ್ಲಿ ಬೇಕಾದದ್ದು ದೇಹದ ಕ್ಷಯವಲ್ಲ, ಚಿತ್ತದ ಅಭ್ಯಾಸ.

ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಕನ್ನಡಿ ಹಿಡಿದು ತನ್ನ ಬಣ್ಣವನ್ನು ತಾನೇ ಬರೆದುಕೊಳ್ಳುತ್ತಾನೆ. ಆಟ ಮುಗಿದ ಮೇಲೆ ಅದೇ ಚೌಕಿಯಲ್ಲಿ ಕುಳಿತು ತಾನೇ ಅಳಿಸಿಕೊಳ್ಳುತ್ತಾನೆ. ಪಾತ್ರದ ಪ್ರವೇಶಕ್ಕೆ ಇರುವಂತೆ ನಿರ್ಗಮನಕ್ಕೂ ಅಲ್ಲೊಂದು ಕ್ರಮವಿದೆ. ತಿಂಗಳುಗಟ್ಟಲೆ ಒಂದೇ ಪಾತ್ರದಲ್ಲಿ ಮುಳುಗುವ ಸಿನಿಮಾ ನಟನಿಗೆ ಈ ಎರಡನೆಯ ಕ್ರಮ ಸಿಗುವುದು ವಿರಳ. ನಾಟಕ ಚಿಕಿತ್ಸೆಯಲ್ಲಿ ‘ಡಿ-ರೋಲಿಂಗ್’ ಎಂಬ ಹೆಸರಿನಲ್ಲಿ ಇದಕ್ಕೆ ಅಭ್ಯಾಸಗಳಿವೆ. ಪಾತ್ರದ ಉಡುಪು, ವಸ್ತುಗಳನ್ನು ಬೇರೆಯಿಡುವುದು, ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು, ಪಾತ್ರದ ಬಗ್ಗೆ ಹೊರಗಿನವನಂತೆ ಮಾತನಾಡುವುದು ಅವುಗಳಲ್ಲಿ ಕೆಲವು.

ಮೇಕಪ್ ಕಲೆ ಈಗ ಬಹುದೂರ ಸಾಗಿದೆ. ‘ಡಾರ್ಕೆಸ್ಟ್ ಅವರ್’ನಲ್ಲಿ (2017) ಗ್ಯಾರಿ ಓಲ್ಡ್‌ಮನ್ ಅವರನ್ನು ಸ್ಥೂಲಕಾಯದ ಚರ್ಚಿಲ್ ಆಗಿ ಮಾರ್ಪಡಿಸಿದ್ದು ಪ್ರಸಾಧನ ಕಲಾವಿದರ ಕೈಚಳಕ. ನಟನಿಗೂ ಕಲಾವಿದರಿಗೂ ಆಸ್ಕರ್ ಬಂತು. ತಾರೆಗೆ ವೈದ್ಯರು, ಆಹಾರತಜ್ಞರು, ತರಬೇತುದಾರರು ಸುತ್ತಲೂ ಇರುತ್ತಾರೆ. ಅವಕಾಶಕ್ಕಾಗಿ ಕಾಯುತ್ತಿರುವ ಹೊಸಬನಿಗೆ ಇವರಾರೂ ಇರುವುದಿಲ್ಲ. ತಾರೆಯ ದೇಹದಂಡನೆಯನ್ನು ಚಿತ್ರದ ಪ್ರಚಾರಕ್ಕೆ ಬಳಸುವಾಗ, ಅದನ್ನು ಓದಿ ಊಟ ಬಿಡುವ ಆ ಹೊಸಬನ ನೆನಪೂ ಉದ್ಯಮಕ್ಕೆ ಇರಬೇಕಾಗುತ್ತದೆ.