ಬಸ್ರೂರು: ಕಡಲು ಕಾಣದ ಬಂದರು

ಕುಂದಾಪುರದಿಂದ ಮೂಡಣಕ್ಕೆ ಐದಾರು ಕಿಲೋಮೀಟರ್ ಒಳಗೆ, ವಾರಾಹಿ ಹೊಳೆಯ ತೆಂಕಣ ದಂಡೆಯಲ್ಲಿ ಬಸ್ರೂರು ಇದೆ. ಇಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ತೆಂಗಿನ ತೋಟ, ಅಲ್ಲಲ್ಲಿ ಕುದ್ರು ಎಂಬ ನಡುಗಡ್ಡೆ, ಗಾಳಿ ಬಿದ್ದ ಹೊತ್ತಿಗೆ ಕೆರೆಯಂತೆ ನಿಂತುಬಿಡುವ ಹಿನ್ನೀರು, ಇಷ್ಟೇ. ಪೋರ್ಚುಗೀಸರ ಕಾಗದಪತ್ರಗಳಲ್ಲಿ ‘ಬಾರ್ಸೆಲೋರ್’ ಎಂದು ಮತ್ತೆ ಮತ್ತೆ ಬರುವ ಬಂದರು ಇದೇ ಎಂದರೆ ಹೊಸಬರು ಹುಬ್ಬೇರಿಸುತ್ತಾರೆ. ಊರಿನವರು ಹೇಳುವ ಚರಿತ್ರೆಯೂ ಹೆಚ್ಚಾಗಿ ಎರಡು ಇಸವಿಗಳ ಸುತ್ತಲೇ ಸುತ್ತುತ್ತದೆ: 1569ರಲ್ಲಿ ಪೋರ್ಚುಗೀಸರು ಬಂದು ಕೋಟೆ ಕಟ್ಟಿದ್ದು, 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳೊಡನೆ ಬಂದು ದೋಚಿದ್ದು. ಎರಡೂ ನಿಜ. ಎರಡೂ ಕಡಲ ಕಡೆಯಿಂದ ಬಂದು ಹೋದವರ ಕಥೆ ಎಂಬುದೂ ಅಷ್ಟೇ ನಿಜ. ಬಸ್ರೂರನ್ನು ಬೆಳೆಸಿದ್ದು ಪಡುವಣದ ಕಡಲಿಗಿಂತ ಹೆಚ್ಚಾಗಿ ಮೂಡಣದ ಗದ್ದೆ ಮತ್ತು ಘಟ್ಟ. ಮೊದಲು ಇದು ಅಕ್ಕಿಯ ಊರು, ಬಂದರು ಎಂಬುದು ಆಮೇಲಿನ ಮಾತು.

ಇದಕ್ಕೆ ಮೊದಲ ಸಾಕ್ಷಿ ಊರು ಕೂತಿರುವ ಜಾಗ. ಬಂದರಷ್ಟೇ ಬೇಕಾಗಿದ್ದರೆ ಗಂಗೊಳ್ಳಿಯ ಅಳಿವೆಯ ಬಾಯಲ್ಲೇ ಪೇಟೆ ಕಟ್ಟಬಹುದಿತ್ತು. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟ, ವಾರಾಹಿ ಕೂಡಿ ಕಡಲು ಸೇರುವ ಜಾಗ ಅದು. ಅದನ್ನು ಬಿಟ್ಟು ವರ್ತಕ ಸೆಟ್ಟಿಗಳು ಇಷ್ಟು ಒಳಗೆ ಬಂದರೆಂದರೆ ಅವರ ಲೆಕ್ಕವೇ ಬೇರೆ ಇತ್ತು. ಭರತದ ನೀರಿಗೆ ದೋಣಿ ಇಲ್ಲಿಯವರೆಗೆ ಏರಿಬರುತ್ತದೆ, ಇಳಿತಕ್ಕೆ ತುಂಬಿದ ದೋಣಿ ತಾನಾಗಿ ಕೆಳಗೆ ಸಾಗುತ್ತದೆ. ಸುತ್ತಲ ಬೈಲುಗದ್ದೆಗಳ ಅಕ್ಕಿ ಮುಡಿ ಕಟ್ಟಿಸಿಕೊಂಡು ಇಲ್ಲಿಗೆ ಬರಬೇಕಿತ್ತು. ಹೊಸಂಗಡಿ, ಬಾಳೆಬರೆ ಘಟ್ಟ ಇಳಿದು ಬಂದ ಎತ್ತುಗಳ ಬೆನ್ನಿನ ಮೆಣಸೂ ಹೇರಿನಿಂದ ಇಳಿಯುತ್ತಿದ್ದುದು ಇಲ್ಲೇ. ಎತ್ತಿನ ದಾರಿ ಮುಗಿದು ದೋಣಿಯ ದಾರಿ ತೊಡಗುತ್ತಿದ್ದ ಜಾಗ ಎನ್ನಿ. 16ನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ಬಾರಕೂರು, ಬಸ್ರೂರುಗಳನ್ನು ಒಟ್ಟಿಗೇ ಹೆಸರಿಸುತ್ತಾನೆ, ಅವನ ಕಣ್ಣಿಗೆ ಬಿದ್ದದ್ದೂ ಇಲ್ಲಿಂದ ಹೊರಡುವ ಅಕ್ಕಿಯೇ. ಮುಂದೆ ಗೋವೆಯ ಪೋರ್ಚುಗೀಸರ ಅನ್ನಕ್ಕೂ ಕನ್ನಡ ಕರಾವಳಿಯ ಅಕ್ಕಿಯೇ ಆಧಾರವಾಯಿತು. ಊರಿನ ಶಾಸನಗಳು ಮೂಡುಕೇರಿ, ಪಡುಕೇರಿ ಎಂಬ ಎರಡು ವರ್ತಕರ ಕೇರಿಗಳನ್ನೂ ಅವುಗಳ ಸೆಟ್ಟಿಕಾರರನ್ನೂ ಹೇಳುತ್ತವೆ. ನಖರ, ಹಂಜಮಾನ ಎಂಬ ವರ್ತಕ ಸಂಘಗಳ ಹೆಸರೂ ಈ ಕರಾವಳಿಯ ಶಾಸನಗಳಲ್ಲಿ ಬರುತ್ತದೆ. ಹಂಜಮಾನ ಎಂಬುದು ಪಾರಸಿಯ ‘ಅಂಜುಮನ್’ನಿಂದ ಬಂದ ಮಾತು. ಹೊರಗಿನ ವರ್ತಕರಿಗೂ ಇಲ್ಲಿ ಸ್ಥಾನವಿತ್ತು, ಆದರೆ ಕೇರಿಯ ಯಜಮಾನಿಕೆ ಅವರದ್ದಲ್ಲ.

ಕೋಟೆ ಕಟ್ಟಿ ಸುಂಕ ಹಿಡಿದವರು ಪೋರ್ಚುಗೀಸರಲ್ಲವೆ, ಊರಿನ ಹಣೆಬರಹ ಬರೆದವರೂ ಅವರೇ ತಾನೆ ಎಂದು ಕೇಳಬಹುದು. ಆ ಕೋಟೆ ಎಲ್ಲಿತ್ತು ಎಂದು ನೋಡಿದರೆ ಉತ್ತರ ಸಿಗುತ್ತದೆ. ಅದು ಬಸ್ರೂರಿನಲ್ಲಿರಲಿಲ್ಲ, ಹೊಳೆಯ ಕೆಳಗೆ ಕುಂದಾಪುರದ ಕಡೆಗಿತ್ತು. ಅವರ ದಾಖಲೆಗಳೇ ‘ಮೇಲಿನ ಬಸ್ರೂರು’, ‘ಕೆಳಗಿನ ಬಸ್ರೂರು’ ಎಂದು ಎರಡನ್ನು ಬೇರೆ ಮಾಡುತ್ತವೆ. ಕೆಳಗೆ ಫಿರಂಗಿ, ಮೇಲೆ ಕಣಜ. ಹೊಳೆಯ ಬಾಯಿ ಕಟ್ಟಿದವರೂ ಅಕ್ಕಿಗೆ ಮೇಲಿನವರನ್ನೇ ಕೇಳಬೇಕಿತ್ತು. 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪನಾಯಕ ಆ ಕೋಟೆಯನ್ನು ಕಿತ್ತುಕೊಂಡ. ಅವನ ರಾಜಧಾನಿ ಬಿದನೂರು ಬಾಳೆಬರೆಯ ಮೇಲ್ಬದಿಗೇ ಇತ್ತು, ಬಂದರಿನ ಬೀಗದ ಕೈ ಘಟ್ಟದ ಮೇಲಿದ್ದುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಶಿವಾಜಿಯ ದಾಳಿ ಊರನ್ನು ಮುಗಿಸಿತು ಎನ್ನುವವರೂ ಇದ್ದಾರೆ. ದಾಳಿಯ ನಂತರವೂ ಡಚ್ಚರು ಇಲ್ಲಿ ಅಕ್ಕಿಗಾಗಿ ಕೋಠಿ ಇಟ್ಟುಕೊಂಡಿದ್ದರು. ಮುಗಿದ ಊರಿನಲ್ಲಿ ಯಾವ ವ್ಯಾಪಾರಿಯೂ ಕೋಠಿ ಇಡುವುದಿಲ್ಲ.

ಹಾಗಾದರೆ ಪೇಟೆ ಕುಗ್ಗಿದ್ದೇಕೆ? ಹೊಳೆಯಲ್ಲಿ ಹೂಳು ತುಂಬಿತು ಎಂಬುದು ಸುಲಭದ ಉತ್ತರ, ಅದರಲ್ಲಿ ಹುರುಳಿಲ್ಲವೆಂದೂ ಅಲ್ಲ. ಆದರೆ ಹೂಳೂ ಮರಳದಿಣ್ಣೆಯೂ ಗಂಗೊಳ್ಳಿ ಅಳಿವೆಯನ್ನೂ ಕಾಡಿವೆ, ಅಲ್ಲಿ ಇಂದಿಗೂ ಮೀನುಗಾರಿಕೆಯ ಬಂದರು ನಡೆಯುತ್ತಿದೆ. ನನಗೆ ತೋರುವಂತೆ ಬಸ್ರೂರು ಕಳೆದುಕೊಂಡದ್ದು ಆಳವಾದ ನೀರಿಗಿಂತ ಹೆಚ್ಚಾಗಿ ಎತ್ತು ಮತ್ತು ದೋಣಿಯ ಭೇಟಿಯನ್ನು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಘಟ್ಟದ ಮೇಲಿನ ಅರಮನೆಯೇ ಇಲ್ಲವಾಯಿತು. ಇಂಗ್ಲಿಷರ ಕಾಲಕ್ಕೆ ಕಚೇರಿ, ಕೋರ್ಟು ಎಲ್ಲ ಕುಂದಾಪುರಕ್ಕೆ ಬಂದವು. ಗಾಡಿರಸ್ತೆ, ಆಮೇಲೆ ಸೇತುವೆಗಳು ಆದ ಮೇಲೆ ಘಟ್ಟದ ಸರಕಿಗೆ ಇಲ್ಲಿ ಇಳಿದು ದೋಣಿ ಏರುವ ಕೆಲಸವೇ ಇರಲಿಲ್ಲ. ಹೆದ್ದಾರಿಯೂ ಕಡಲ ಬದಿಗೇ ಹೋಯಿತು. ಉಳಿದದ್ದು ದೇವಸ್ಥಾನಗಳು, ಹಂಚಿನ ಕಾರ್ಖಾನೆಗಳು, ಗದ್ದೆ. ತುಳುವೇಶ್ವರನ ಗುಡಿಯನ್ನಂತೂ ಆಲದ ಬೇರುಗಳೇ ಅಪ್ಪಿಕೊಂಡಿವೆ, ಈಗ ಅದರ ಫೋಟೋ ತೆಗೆಯಲು ದೂರದಿಂದ ಬರುತ್ತಾರೆ.

ಹೀಗೆ ಬರುವವರು ಹೆಚ್ಚಿದಂತೆ ಕುಂದಾಪುರದ ಹಿನ್ನೀರ ದಂಡೆಗಳಲ್ಲಿ ಹೋಂಸ್ಟೇಗಳೂ ಹೆಚ್ಚಿವೆ. ಅವುಗಳ ಜಗಲಿಯಿಂದ ಹೊಳೆ ಚೆಂದವಾಗಿಯೇ ಕಾಣುತ್ತದೆ, ತಪ್ಪೇನಿಲ್ಲ. ನೋಡುವವರಿಗೆ ಇದು ಬರಿಯ ನೋಟವೆನಿಸುವುದಷ್ಟೇ ತೊಡಕು, ಶತಮಾನಗಳ ಕಾಲ ಇದು ಹೇರು ಹೊರುವ ದಾರಿಯಾಗಿತ್ತು. ಕೊಂಕಣ ರೈಲು ಬಂದಾಗ ಕುಂದಾಪುರದ ಹೆಸರಿನ ನಿಲ್ದಾಣ ಆದದ್ದು ಬಸ್ರೂರಿನ ಮಗ್ಗುಲ ಮೂಡ್ಲಕಟ್ಟೆಯಲ್ಲಿ. ದಾರಿ ಮತ್ತೆ ಒಳನಾಡಿಗೇ ಬಂತು, ಊರಿನ ಹೆಸರು ಮಾತ್ರ ಬೋರ್ಡಿನ ಮೇಲೆ ಬರಲಿಲ್ಲ.